ಆಫ್‌ರೋಡ್ ಪಿಕಪ್‌ಗೆ ಯಾವುದು ಸರಿ, ಮ್ಯಾನುಯಲ್ಲಾ ಆಟೋಮ್ಯಾಟಿಕ್ಕಾ?

ಕೆಸರುಗಾಲಿ:

ಎಲ್ಲರಿಗೂ ನಮಸ್ಕಾರ. ಡಬಲ್ ಕ್ಯಾಬ್ ಡೀಸೆಲ್ ಪಿಕಪ್ ತೆಗೆದುಕೊಳ್ಳುವುದು ಅಂತ ಗಟ್ಟಿ ಮಾಡಿದ್ದೇನೆ. ಫೋರ್ ವೀಲ್ ಡ್ರೈವ್, ಲೋ ರೇಂಜ್ (ವೇಗ ಇಳಿಸಿ ಎಳೆಯುವ ಬಲ ಹೆಚ್ಚಿಸುವ ಗೇರ್ ಸಾಲು) ಎರಡೂ ಇರಲೇಬೇಕು, ಅದರಲ್ಲಿ ರಾಜಿ ಇಲ್ಲ. ಉಳಿದಿರುವ ತಲೆನೋವು ಒಂದೇ, ಗೇರ್‌ಬಾಕ್ಸ್.

ಇಲ್ಲಿಯವರೆಗೆ ಓಡಿಸಿದ್ದೆಲ್ಲ ಮ್ಯಾನುಯಲ್. ಯಾವ ಗೇರಿನಲ್ಲಿ ಗಾಡಿ ಏನು ಮಾಡುತ್ತದೆ ಅನ್ನೋದು ಕಾಲಿಗೇ ಗೊತ್ತು. ಈಗ ನೋಡಿದರೆ ಒಳ್ಳೆಯ ವೇರಿಯಂಟ್‌ಗಳೆಲ್ಲ ಆಟೋಮ್ಯಾಟಿಕ್ ಕಡೆಗೇ ಹೋಗುತ್ತಿವೆ. ನಾನು ಹೋಗುವ ದಾರಿಗಳಲ್ಲಿ ಸಡಿಲ ಕಲ್ಲಿನ ಏರು, ಕೆಸರು, ಸಣ್ಣ ಹಳ್ಳ ದಾಟುವುದು ಜಾಸ್ತಿ. ಮರಳು ಅಪರೂಪಕ್ಕೆ. ಹಿಂದೆ ಒಂದಿಷ್ಟು ಲೋಡ್ ಇರುತ್ತದೆ. ವಾರದ ದಿನಗಳಲ್ಲಿ ಇದೇ ಗಾಡಿ ಟ್ರಾಫಿಕ್‌ನಲ್ಲೂ ಓಡಬೇಕು.

ಗೊತ್ತಿರುವ ಒಬ್ಬರು ಹೇಳುತ್ತಾರೆ, ಆಟೋಮ್ಯಾಟಿಕ್ ಆದರೆ ಇಳಿಜಾರಿನಲ್ಲಿ ಗಾಡಿ ಕೈಗೆ ಸಿಗಲ್ಲ, ಬ್ಯಾಟರಿ ಕೈಕೊಟ್ಟರೆ ತಳ್ಳಿ ಸ್ಟಾರ್ಟ್ ಮಾಡೋಕೂ ಆಗಲ್ಲ ಅಂತ. ಇನ್ನೊಬ್ಬರು, ಈಗಿನ ಕಾಲದಲ್ಲಿ ಕ್ಲಚ್ ಯಾರ್ರೀ ಒತ್ತುತ್ತಾರೆ ಅಂತ ನಗುತ್ತಾರೆ. ಇಬ್ಬರೂ ಡಾಂಬರು ಬಿಟ್ಟು ಕೆಳಗೆ ಇಳಿದವರಲ್ಲ ಅನ್ನೋದು ಬೇರೆ ಮಾತು. ನಿಜವಾಗಿ ಓಡಿಸಿದವರು ಹೇಳಿ, ನಿಮ್ಮ ಅನುಭವದಲ್ಲಿ ಯಾವುದು?

ಬಂಡೆದಾರಿ:

ನಿಮ್ಮ ಬಳಕೆ ಓದಿದ ಮೇಲೆ ನನ್ನ ಓಟು ಆಟೋಮ್ಯಾಟಿಕ್‌ಗೆ. ಟ್ರಾಫಿಕ್‌ನಲ್ಲಿ ಆರಾಮ ಅನ್ನುವ ಕಾರಣಕ್ಕೆ ಅಲ್ಲ.

ಸಡಿಲ ಕಲ್ಲಿನ ಏರಿನಲ್ಲಿ ಮ್ಯಾನುಯಲ್ ಗಾಡಿಗೆ ಏನಾಗುತ್ತದೆ ನೋಡಿ. ಮುಂದಿನ ಚಕ್ರ ಒಂದು ಕಲ್ಲಿಗೆ ಒತ್ತಿ ನಿಲ್ಲುತ್ತದೆ. ಇನ್ನೊಂಚೂರು ಬಲ ಬೇಕು ಅಂತ ಆಕ್ಸಿಲರೇಟರ್ ಒತ್ತಿ ಕ್ಲಚ್ ಬಿಡುತ್ತೀರಿ, ಗಾಡಿ ಕಲ್ಲು ಹತ್ತಿದ ಕೂಡಲೇ ಮುಂದಕ್ಕೆ ಜಿಗಿಯುತ್ತದೆ, ಅದೇ ರಭಸಕ್ಕೆ ಹಿಂದಿನ ಚಕ್ರ ಹೋಗಿ ಆ ಕಲ್ಲಿಗೆ ಬಡಿಯುತ್ತದೆ. ಹಿಂದೆ ಖಾಲಿ ಇದ್ದರಂತೂ ಲೀಫ್ ಸ್ಪ್ರಿಂಗ್ ಕುಣಿದು ಚಕ್ರ ಸುಮ್ನೆ ಸುತ್ತುತ್ತದೆ, ಕಲ್ಲು ಹಿಂದಕ್ಕೆ ಹಾರುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಇದನ್ನು ತಪ್ಪಿಸೋಕೆ ಹಾಫ್ ಕ್ಲಚ್‌ನಲ್ಲಿ ಆಟ ಆಡಬೇಕು. ಆ ಆಟ ಜಾಸ್ತಿ ಆದರೆ ಕ್ಲಚ್ ವಾಸನೆ ಬರುತ್ತದೆ.

ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್‌ನಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವೆ ಇರುವುದು ಎಣ್ಣೆ. ಗಾಡಿ ನಿಂತಿದ್ದರೂ ಎಂಜಿನ್ ತಿರುಗುತ್ತಲೇ ಇರಬಹುದು, ಆಫ್ ಆಗುವ ಮಾತಿಲ್ಲ. ಅಷ್ಟೇ ಅಲ್ಲ, ಚಕ್ರ ನಿಂತು ಎಂಜಿನ್ ಎಳೆಯುತ್ತಿರುವ ಆ ಹೊತ್ತಿನಲ್ಲಿ ಕನ್ವರ್ಟರ್ ಎಂಜಿನ್‌ನ ಟಾರ್ಕನ್ನು, ಅಂದರೆ ತಿರುಗಿಸುವ ಬಲವನ್ನು, ಹೆಚ್ಚುಕಡಿಮೆ ಎರಡು ಪಟ್ಟು ಮಾಡಿ ಕೊಡುತ್ತದೆ. ಎಡಗಾಲಲ್ಲಿ ಬ್ರೇಕ್ ಲೈಟಾಗಿ ಹಿಡಿದು ಬಲಗಾಲಲ್ಲಿ ಆಕ್ಸಿಲರೇಟರ್ ಕೊಟ್ಟರೆ ಗಾಡಿ ಕಲ್ಲು ಹತ್ತಿ ಅಲ್ಲೇ ನಿಲ್ಲುತ್ತದೆ, ಜಿಗಿಯಲ್ಲ. ಆದರೆ ಎರಡೂ ಪೆಡಲ್ ಒಟ್ಟಿಗೆ ಒತ್ತಿದರೆ ಎಂಜಿನ್ ಬಲವನ್ನೇ ಕಡಿಮೆ ಮಾಡುವ ಗಾಡಿಗಳೂ ಇವೆ, ಕೊಳ್ಳುವ ಮೊದಲು ಅದೊಂದು ನೋಡಿಕೊಳ್ಳಿ.

ನಾನು ಹೇಳುತ್ತಿರುವುದು ಕನ್ವರ್ಟರ್ ಆಟೋಮ್ಯಾಟಿಕ್ ಬಗ್ಗೆ ಮಾತ್ರ. ಎಎಂಟಿ ಅಂದರೆ ಮ್ಯಾನುಯಲ್ ಗೇರ್‌ಬಾಕ್ಸ್‌ನಲ್ಲೇ ಕ್ಲಚ್ ಒತ್ತಿ ಗೇರ್ ಬದಲಿಸುವ ಕೆಲಸವನ್ನು ಯಂತ್ರ ಮಾಡುವುದು, ಅಷ್ಟೇ. ಬಂಡೆ ಮೇಲೆ ಅದರ ಸಹವಾಸ ಬೇಡ.

ಮೂರನೇ_ಪೆಡಲ್:

ಮೇಲಿನವರು ಹತ್ತುವುದರ ಬಗ್ಗೆ ಹೇಳಿದ್ದಾರೆ, ಒಪ್ಪಿದೆ. ಹತ್ತಿದ ಮೇಲೆ ಇಳಿಯಬೇಕಲ್ವಾ?

ಲೋ ರೇಂಜ್, ಮೊದಲ ಗೇರ್, ಎರಡೂ ಕಾಲು ಪೆಡಲ್‌ನಿಂದ ಆಚೆ. ಮ್ಯಾನುಯಲ್ ಗಾಡಿ ಇಳಿಜಾರಿನಲ್ಲಿ ನಡೆದುಕೊಂಡು ಹೋದ ಹಾಗೆ ಇಳಿಯುತ್ತದೆ. ಎಂಜಿನ್‌ಗೂ ಚಕ್ರಕ್ಕೂ ನಡುವೆ ಜಾರುವ ವಸ್ತು ಏನೂ ಇಲ್ಲ. ಆಟೋಮ್ಯಾಟಿಕ್‌ನಲ್ಲಿ ಕನ್ವರ್ಟರ್ ಲಾಕ್ ಆಗದಿದ್ದರೆ (ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನೇರ ಕೊಂಡಿ ಬೀಳದಿದ್ದರೆ) ಎಂಜಿನ್ ಹಿಡಿತ ಸ್ವಲ್ಪ ಸಡಿಲ, ಗಾಡಿ ನಿಧಾನಕ್ಕೆ ವೇಗ ತಗೊಳ್ಳುತ್ತದೆ. ಆಗ ಬ್ರೇಕ್ ಮುಟ್ಟಬೇಕು. ಜಾರುವ ಮಣ್ಣಿನಲ್ಲಿ ಬ್ರೇಕ್ ಮುಟ್ಟುವುದು ಎಂಥ ಕೆಲಸ ಅಂತ ಗೊತ್ತಿರುವವರಿಗೆ ಗೊತ್ತು.

ಲೆಕ್ಕ ಬೇಕಾದರೆ ಜೀಪ್ ಗ್ಲಾಡಿಯೇಟರ್ ರೂಬಿಕಾನ್ ನೋಡಿ. ಮ್ಯಾನುಯಲ್‌ನಲ್ಲಿ ಮೊದಲ ಗೇರಿನ ಅನುಪಾತ 5.13, ಟ್ರಾನ್ಸ್‌ಫರ್ ಕೇಸ್‌ನ (ಮುಂದಿನ, ಹಿಂದಿನ ಚಕ್ರಗಳಿಗೆ ಬಲ ಹಂಚುವ ಪೆಟ್ಟಿಗೆ) ಲೋ 4, ಆಕ್ಸಲ್‌ದು 4.10. ಮೂರನ್ನೂ ಗುಣಿಸಿದರೆ ಸುಮಾರು 84. ಅದೇ ಗಾಡಿಯ 8 ಗೇರಿನ ಆಟೋಮ್ಯಾಟಿಕ್‌ನಲ್ಲಿ ಮೊದಲ ಗೇರ್ 4.71, ಒಟ್ಟು ಸುಮಾರು 77. ಎಂಜಿನ್ 84 ಸುತ್ತು ಸುತ್ತಿದರೆ ಚಕ್ರ ಒಂದು ಸುತ್ತು. ಇಷ್ಟೆಲ್ಲಾ ಇದ್ದರೂ 2025ರ ಮಾಡೆಲ್‌ನಿಂದ ಗ್ಲಾಡಿಯೇಟರ್‌ನಲ್ಲಿ ಮ್ಯಾನುಯಲ್ಲೇ ತೆಗೆದುಬಿಟ್ಟರು, ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಕಡಿದಾದ ಏರಿನ ಮಧ್ಯೆ ಎಂಜಿನ್ ಆಫ್ ಆಯಿತು ಅಂದುಕೊಳ್ಳಿ. ಮ್ಯಾನುಯಲ್ ಆದರೆ ಗಾಡಿ ಗೇರಿನಲ್ಲೇ ಇರುತ್ತದೆ, ಎಂಜಿನ್ನೇ ಅದನ್ನು ಹಿಡಿದುಕೊಂಡಿರುತ್ತದೆ. ಬ್ರೇಕ್ ಹಿಡಿದು, ರಿವರ್ಸ್ ಹಾಕಿ, ಕ್ಲಚ್ ಪೂರ್ತಿ ಬಿಟ್ಟು ಕೀಲಿ ತಿರುಗಿಸಿದರೆ ಸ್ಟಾರ್ಟ್ ಆಗುತ್ತಲೇ ಹಿಂದಕ್ಕೆ ಮೆಲ್ಲಗೆ ಇಳಿಯುತ್ತದೆ. ಕ್ಲಚ್ ಒತ್ತದೆ ಸ್ಟಾರ್ಟ್ ಆಗದ ಹೊಸ ಗಾಡಿಗಳಲ್ಲಿ ಇದು ನಡೆಯಲ್ಲ, ಕೆಲವು ಟೊಯೋಟಾ ಟಕೋಮಾಗಳಲ್ಲಿ ಅದಕ್ಕೆಂದೇ ಒಂದು ಸ್ವಿಚ್ ಕೊಟ್ಟಿದ್ದರು. ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ನಿಂತರೆ ಗೇರ್‌ಬಾಕ್ಸ್ ಒಳಗಿನ ಪಂಪೂ ನಿಲ್ಲುತ್ತದೆ, ಎಣ್ಣೆಯ ಒತ್ತಡ ಹೋಗುತ್ತದೆ, ಗಾಡಿ ನ್ಯೂಟ್ರಲ್‌ನಲ್ಲಿ ಇದ್ದ ಹಾಗೆ. ಬ್ರೇಕ್ ಹಗುರ ಮಾಡುವ ಬೂಸ್ಟರ್‌ನಲ್ಲಿ ಕೆಲವೇ ಸಲ ಒತ್ತುವಷ್ಟು ನಿರ್ವಾತ ಉಳಿದಿರುತ್ತದೆ. ಗಟ್ಟಿಯಾಗಿ ಒಂದೇ ಸಲ ಒತ್ತಿ ಹಿಡಿದು ಹ್ಯಾಂಡ್‌ಬ್ರೇಕ್ ಎಳೆಯಬೇಕು, ಪಂಪ್ ಮಾಡಬಾರದು.

ಬಂಡೆದಾರಿ:

@ಮೂರನೇ_ಪೆಡಲ್ ಎಂಜಿನ್ ನಿಲ್ಲುವ ವಿಷಯ ಸರಿ, ಆದರೆ ಆಟೋಮ್ಯಾಟಿಕ್‌ನಲ್ಲಿ ಎಂಜಿನ್ ಸುಮ್ಮಸುಮ್ಮನೆ ನಿಲ್ಲಲ್ಲವಲ್ಲ ಗುರುಗಳೇ. ಮ್ಯಾನುಯಲ್‌ನಲ್ಲಿ ಏರಿನ ಮಧ್ಯೆ ನಿಲ್ಲುವುದು ಬಹುತೇಕ ಕ್ಲಚ್ ಬೇಗ ಬಿಟ್ಟಿದ್ದಕ್ಕೆ. ಇಲ್ಲಿ ಆ ಕಾರಣವೇ ಇಲ್ಲ.

ಇಳಿಜಾರಿಗೆ ಲೋ ರೇಂಜ್ ಹಾಕಿ, ಗೇರನ್ನು ಕೈಯಲ್ಲೇ ಒಂದಕ್ಕೆ ಇಳಿಸಿದರೆ ಸಾಕಷ್ಟು ಹಿಡಿತ ಸಿಗುತ್ತದೆ. ಸುಮ್ನೆ ಡ್ರೈವ್‌ನಲ್ಲಿ (ಡಿ) ಬಿಟ್ಟು ಇಳಿಸಿ ಆಮೇಲೆ ಆಟೋಮ್ಯಾಟಿಕ್ ಓಡುತ್ತದೆ ಅಂದರೆ ಅದು ಗೇರ್‌ಬಾಕ್ಸ್ ತಪ್ಪಲ್ಲ. ಹಿಲ್ ಡಿಸೆಂಟ್ ಕಂಟ್ರೋಲ್ (ಇಳಿಜಾರಿನಲ್ಲಿ ತಾನೇ ವೇಗ ಹಿಡಿದಿಡುವ ವ್ಯವಸ್ಥೆ) ಇದ್ದರೆ ಒಂದೊಂದು ಚಕ್ರದ ಬ್ರೇಕನ್ನೂ ಬೇರೆ ಬೇರೆ ಹಿಡಿದು ಬಿಡುತ್ತದೆ, ಅದು ನಮ್ಮ ಕಾಲಿನಿಂದ ಆಗದ ಕೆಲಸ. ಉದ್ದದ ಇಳಿಜಾರಿನಲ್ಲಿ ಅದನ್ನೇ ನಂಬಿಕೊಂಡರೆ ಬ್ರೇಕ್ ಬಿಸಿಯಾಗುತ್ತದೆ ಅನ್ನೋದನ್ನು ಒಪ್ಪುತ್ತೇನೆ.

ಇನ್ನೊಂದು, ಎಷ್ಟೋ ಪಿಕಪ್‌ಗಳಲ್ಲಿ ಎರಡೂ ಗೇರ್‌ಬಾಕ್ಸ್‌ಗೆ ಒಂದೇ ಎಂಜಿನ್ ಇದ್ದರೂ ಬಲ ಒಂದೇ ಇರಲ್ಲ. ಟೊಯೋಟಾ ಹೈಲಕ್ಸ್ 2.8 ಲೀಟರ್ ಡೀಸೆಲ್ ನೋಡಿ. ಮ್ಯಾನುಯಲ್‌ನಲ್ಲಿ 420 ನ್ಯೂಟನ್ ಮೀಟರ್, ಆಟೋಮ್ಯಾಟಿಕ್‌ನಲ್ಲಿ 500. ಆಸ್ಟ್ರೇಲಿಯಾದಲ್ಲಿ ಲ್ಯಾಂಡ್ ಕ್ರೂಸರ್ 70 ಪಿಕಪ್ ವಿ8 ಡೀಸೆಲ್‌ನಲ್ಲಿ ಬರುತ್ತಿದ್ದಷ್ಟು ಕಾಲ ಮ್ಯಾನುಯಲ್ ಮಾತ್ರ, 430 ನ್ಯೂಟನ್ ಮೀಟರ್. ಅದರಷ್ಟು ಹಳೇ ಕಾಲದ ಗಾಡಿ ಇನ್ನೊಂದಿಲ್ಲ, ಅದಕ್ಕೂ 2.8 ಎಂಜಿನ್ ಜೊತೆ 6 ಗೇರಿನ ಆಟೋಮ್ಯಾಟಿಕ್ ಬಂತು, ಟಾರ್ಕ್ 500ಕ್ಕೆ ಏರಿತು.

ಗ್ರೀಸ್‌ಕೈ:

ಗಾಡಿ ಬಿಚ್ಚುವವನ ಕಡೆಯಿಂದ ಒಂದೆರಡು ಮಾತು. ನೀವಿಬ್ಬರೂ ಹಿಡಿತ ಹಿಡಿತ ಅಂತಿದ್ದೀರಿ, ನಾನು ಬಿಸಿ ಅಂತೀನಿ. ಕಷ್ಟದ ದಾರಿಯಲ್ಲಿ ಎಲ್ಲೋ ಒಂದು ಕಡೆ ಜಾರಲೇಬೇಕು. ಎಂಜಿನ್ ತೀರಾ ನಿಧಾನ ತಿರುಗೋಕಾಗಲ್ಲ, ಚಕ್ರ ಜೋರಾಗಿ ತಿರುಗಬಾರದು, ನಡುವಿನ ವ್ಯತ್ಯಾಸವನ್ನು ಯಾವುದೋ ಒಂದು ನುಂಗಬೇಕು. ಮ್ಯಾನುಯಲ್‌ನಲ್ಲಿ ಅದನ್ನು ನುಂಗುವುದು ಕ್ಲಚ್ ಪ್ಲೇಟ್, ಆಟೋಮ್ಯಾಟಿಕ್‌ನಲ್ಲಿ ಎಣ್ಣೆ. ಪ್ಲೇಟ್ ಸವೆದರೆ ಸವೆಯಿತು, ವಾಪಸ್ ಬರಲ್ಲ. ಎಣ್ಣೆಯನ್ನು ತಣ್ಣಗೆ ಮಾಡಬಹುದು, ಬದಲಾಯಿಸಬಹುದು.

ಅದಕ್ಕೇ ನೋಡಬೇಕಾದ್ದು ಗೇರ್‌ಬಾಕ್ಸ್‌ನ ಆಯಿಲ್ ಕೂಲರ್ ಎಷ್ಟು ದೊಡ್ಡದು, ಉಷ್ಣಾಂಶ ತೋರಿಸುವ ವ್ಯವಸ್ಥೆ ಇದೆಯಾ ಅನ್ನೋದು. ಸಾಮಾನ್ಯ ಓಟದಲ್ಲಿ ಆ ಎಣ್ಣೆ 80ರಿಂದ 100 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. 120 ದಾಟಿ ಹೊತ್ತುಗಟ್ಟಲೆ ಓಡಿದರೆ ಬೇಗ ಹಾಳಾಗುತ್ತದೆ. ಎಚ್ಚರಿಕೆ ದೀಪ ಬಂದರೆ ಎಂಜಿನ್ ಆಫ್ ಮಾಡಬೇಡಿ, ನ್ಯೂಟ್ರಲ್ ಅಥವಾ ಪಾರ್ಕ್‌ನಲ್ಲಿ ಹಾಕಿ ಓಡಲು ಬಿಡಿ, ಎಣ್ಣೆ ಕೂಲರ್ ಮೂಲಕ ತಿರುಗಲಿ. ಬಿಸಿ ಆಗುವುದಕ್ಕೆ ದೊಡ್ಡ ಕಾರಣ ಲೋ ರೇಂಜ್ ಹಾಕಬೇಕಾದ ಕಡೆ ಸೋಮಾರಿತನಕ್ಕೆ ಹೈ ರೇಂಜ್‌ನಲ್ಲೇ ಎಳೆಯುವುದು. ಕ್ಲಚ್ ಸುಡುವುದಕ್ಕೂ ಅದೇ ಕಾರಣ. ಆಯಿಲ್ ಜೀವಮಾನ ಪೂರ್ತಿ ಬರುತ್ತದೆ ಅಂತ ಬರೆದಿದ್ದರೆ ನಗಿ, ಈ ಥರ ಓಡಿಸುವವರು ಮುಂಚೆಯೇ ಬದಲಾಯಿಸಬೇಕು.

ಹಳ್ಳ ದಾಟುತ್ತೇನೆ ಅಂದಿದ್ದೀರಿ. ಮ್ಯಾನುಯಲ್‌ನಲ್ಲಿ ನೀರಿನ ಮಧ್ಯೆ ಕ್ಲಚ್ ಒತ್ತಬೇಡಿ. ಬೆಲ್ ಹೌಸಿಂಗ್ (ಕ್ಲಚ್ ಕೂತಿರುವ ಕವಚ) ಒಳಗೆ ನೀರು ಬಂದಿದ್ದರೆ ಪ್ಲೇಟ್ ಒದ್ದೆಯಾಗಿ ಜಾರುತ್ತದೆ. ದಡದಲ್ಲೇ ಗೇರ್ ಹಾಕಿ ಅದೇ ಗೇರಿನಲ್ಲಿ ಆಚೆ ದಡ ಸೇರಬೇಕು. ಆಟೋಮ್ಯಾಟಿಕ್‌ಗೆ ಆ ಚಿಂತೆ ಇಲ್ಲ, ಬ್ರೀದರ್ ಪೈಪ್‌ನ (ಗೇರ್‌ಬಾಕ್ಸ್‌ನ ಗಾಳಿ ಆಡುವ ಕೊಳವೆ) ಚಿಂತೆ ಇದೆ. ಬಿಸಿಯಾದ ಗೇರ್‌ಬಾಕ್ಸ್ ತಣ್ಣೀರಿಗೆ ಇಳಿದರೆ ಒಳಗಿನ ಗಾಳಿ ಕುಗ್ಗಿ ಬ್ರೀದರ್ ಮೂಲಕ ಎಳೆದುಕೊಳ್ಳುತ್ತದೆ. ಅದರ ಬಾಯಿ ನೀರಿನಲ್ಲಿದ್ದರೆ ನೀರನ್ನೇ ಎಳೆಯುತ್ತದೆ. ಮ್ಯಾನುಯಲ್ ಗೇರ್‌ಬಾಕ್ಸ್‌ಗೆ ನೀರು ಹೋದರೆ ಆಯಿಲ್ ಬದಲಿಸಿ ಬದುಕಿಸಬಹುದು, ಆಟೋಮ್ಯಾಟಿಕ್ ಒಳಗಿನ ಕ್ಲಚ್ ಪದರಗಳು ನೀರಿಗೆ ಬಿಟ್ಟುಕೊಳ್ಳುತ್ತವೆ. ಆಯಿಲ್ ಹಾಲು ಬೆರೆಸಿದ ಹಾಗೆ ಕಂಡರೆ ಗಾಡಿ ಓಡಿಸಬೇಡಿ. ಬ್ರೀದರ್ ಪೈಪ್ ಉದ್ದ ಮಾಡಿ ಎಂಜಿನ್ ರೂಮಿನ ಮೇಲ್ಭಾಗಕ್ಕೆ ತರುವುದು ಸಣ್ಣ ಕೆಲಸ.

ರಿಪೇರಿ ವಿಷಯದಲ್ಲಿ ಮಾತ್ರ ಮ್ಯಾನುಯಲ್ ಗೆಲ್ಲುತ್ತದೆ. ಕ್ಲಚ್ ಹಾಕಲು ಗೇರ್‌ಬಾಕ್ಸ್ ಇಳಿಸಬೇಕು ನಿಜ, ಆದರೆ ಅದನ್ನು ಮಾಡುವ ಕೈ ಎಲ್ಲಾ ಕಡೆ ಇದೆ. ಆಟೋಮ್ಯಾಟಿಕ್ ಬಿಚ್ಚಿ ಸರಿಯಾಗಿ ಜೋಡಿಸುವವರು ಕಡಿಮೆ.

ಕೆಸರುಗಾಲಿ:

ಇಷ್ಟು ವಿವರ ಸಿಗುತ್ತದೆ ಅಂದುಕೊಂಡಿರಲಿಲ್ಲ, ಥ್ಯಾಂಕ್ಸ್. ಎರಡು ಪ್ರಶ್ನೆ ಉಳಿದಿವೆ. ಒಂದು, ಮರಳಿನಲ್ಲಿ ಹೇಗೆ? ಎರಡು, ತಳ್ಳಿ ಸ್ಟಾರ್ಟ್ ಮಾಡುವ ಮಾತು ಎಷ್ಟು ಗಂಭೀರ?

ಉಸುಕುದಿಬ್ಬ:

ಮರಳಿಗೆ ಆಟೋಮ್ಯಾಟಿಕ್, ಚರ್ಚೆಯೇ ಬೇಡ. ಮರಳಿನಲ್ಲಿ ಕ್ಲಚ್ ಒತ್ತಿದ ಆ ಅರೆಕ್ಷಣದಲ್ಲೇ ಗಾಡಿ ವೇಗ ಕಳೆದುಕೊಳ್ಳುತ್ತದೆ, ಮುಂದಿನ ಗೇರ್ ಬೀಳುವಷ್ಟರಲ್ಲಿ ಅದಕ್ಕೆ ಎಳೆಯುವ ಶಕ್ತಿ ಇರಲ್ಲ. ದಿಬ್ಬದ ಅರ್ಧದಲ್ಲಿ ಗೇರ್ ಬದಲಿಸಬೇಕಾಯಿತು ಅಂದರೆ ಹೂತುಕೊಂಡ ಹಾಗೇ. ಆಟೋಮ್ಯಾಟಿಕ್‌ನಲ್ಲಿ ಬಲ ತುಂಡಾಗದೆ ಹೋಗುತ್ತಿರುತ್ತದೆ, ನಿಂತಲ್ಲಿಂದ ಹೊರಡುವಾಗಲೂ ಚಕ್ರ ಒಮ್ಮೆಲೇ ಸುತ್ತಿ ಗುಂಡಿ ತೋಡಲ್ಲ.

ಆದರೆ ಟೈರ್ ಗಾಳಿ ಇಳಿಸದಿದ್ದರೆ ಯಾವ ಗೇರ್‌ಬಾಕ್ಸೂ ಕಾಪಾಡಲ್ಲ. 15ರಿಂದ 18 ಪಿಎಸ್‌ಐಗೆ ಇಳಿಸಿ, ಡಾಂಬರಿಗೆ ಬಂದ ಕೂಡಲೇ ವಾಪಸ್ ತುಂಬಿಸಿ. ಗಾಳಿ ಇಳಿಸಿ ಮ್ಯಾನುಯಲ್ ಓಡಿಸುವವನು ಗಾಳಿ ತುಂಬಿದ ಆಟೋಮ್ಯಾಟಿಕ್ ಓಡಿಸುವವನನ್ನು ಹಗ್ಗ ಕಟ್ಟಿ ಎಳೆಯುತ್ತಾನೆ.

ಗ್ರೀಸ್‌ಕೈ:

ತಳ್ಳುವ ಮಾತಿಗೆ. ಎರಡು ಟನ್ ಆಸುಪಾಸಿನ ಪಿಕಪ್ಪನ್ನು ಕೆಸರಿನಲ್ಲಿ ಯಾರು ತಳ್ಳುತ್ತಾರೆ? ಇಳಿಜಾರು ಸಿಕ್ಕರೆ ಸರಿ. ಜೊತೆಗೆ ಈಗಿನ ಡೀಸೆಲ್‌ಗಳಲ್ಲಿ ಎಂಜಿನ್ ಕಂಪ್ಯೂಟರ್‌ಗೂ ಇಂಜೆಕ್ಟರ್‌ಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತಿದ್ದರೆ ಮ್ಯಾನುಯಲ್ ಆದರೂ ತಳ್ಳಿ ಪ್ರಯೋಜನ ಇಲ್ಲ. ಒಂದು ಜಂಪ್ ಸ್ಟಾರ್ಟರ್ ಇಟ್ಟುಕೊಳ್ಳಿ, ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು ಸಿಗುತ್ತದೆ.

ಎಳೆಸಿಕೊಂಡು ಹೋಗುವುದು ಮಾತ್ರ ನಿಜವಾದ ವಿಷಯ. ಆಟೋಮ್ಯಾಟಿಕ್ ಗಾಡಿಯನ್ನು ಚಕ್ರ ನೆಲದ ಮೇಲಿಟ್ಟು ದೂರ ಎಳೆದರೆ ಪಂಪ್ ತಿರುಗದೆ ಗೇರ್‌ಬಾಕ್ಸ್ ಒಣಗಿ ಹಾಳಾಗುತ್ತದೆ. ಟ್ರಾನ್ಸ್‌ಫರ್ ಕೇಸ್‌ಗೆ ಬೇರೆ ನ್ಯೂಟ್ರಲ್ ಇದೆಯಾ, ಗಾಡಿ ಜೊತೆ ಕೊಡುವ ಪುಸ್ತಕದಲ್ಲಿ ಎಷ್ಟು ದೂರ ಎಳೆಯಬಹುದು ಅಂತ ಬರೆದಿದ್ದಾರೆ ಅನ್ನೋದನ್ನು ಓದಿ.

ಕೆಸರುಗಾಲಿ:

ಸರಿ, ಮನಸ್ಸು ಆಟೋಮ್ಯಾಟಿಕ್ ಕಡೆಗೆ ವಾಲುತ್ತಿದೆ, ಏರು ಮತ್ತು ಲೋಡ್ ನೋಡಿಕೊಂಡು. ಇಳಿಜಾರಿನದ್ದು ಮಾತ್ರ ನಾನೇ ಓಡಿಸಿ ನೋಡಬೇಕು. ಟೆಸ್ಟ್ ಡ್ರೈವ್‌ನಲ್ಲಿ ಏನು ಗಮನಿಸಲಿ?

ಮೂರನೇ_ಪೆಡಲ್:

ಬರೀ ರೋಡಿನಲ್ಲಿ ಒಂದು ಸುತ್ತು ಹೊಡೆಸಿ ಕಳಿಸುತ್ತಾರೆ, ಅದಕ್ಕೆ ಒಪ್ಪಬೇಡಿ. ಕಡಿದಾದ ಮಣ್ಣಿನ ಇಳಿಜಾರು ಎಲ್ಲಿದೆ ಅಂತ ಮೊದಲೇ ನೋಡಿಟ್ಟುಕೊಳ್ಳಿ. ಲೋ ರೇಂಜ್ ಹಾಕಿ, ಗೇರ್ ಕೈಯಲ್ಲಿ ಒಂದಕ್ಕೆ ತನ್ನಿ, ಡಿಸೆಂಟ್ ಕಂಟ್ರೋಲ್ ಆಫ್ ಮಾಡಿ, ಕಾಲು ತೆಗೆಯಿರಿ. ವೇಗ ಒಂದು ಕಡೆ ನಿಂತರೆ ಗೇರ್‌ಬಾಕ್ಸ್ ಒಳ್ಳೆಯದು. ಏರುತ್ತಲೇ ಹೋದರೆ, ಅಥವಾ ನೀವು ಒಂದು ಹಾಕಿದ್ದರೂ ಅದೇ ಎರಡಕ್ಕೆ ಹೋದರೆ, ಆ ಗಾಡಿ ಬೇಡ. ಸಾಧ್ಯವಾದರೆ ಅದೇ ಇಳಿಜಾರಿನಲ್ಲಿ ಅದೇ ಮಾಡೆಲ್‌ನ ಮ್ಯಾನುಯಲ್ಲನ್ನೂ ಇಳಿಸಿ ನೋಡಿ, ಆಮೇಲೆ ಇಲ್ಲಿ ಬಂದು ಬರೆಯಿರಿ. @ಬಂಡೆದಾರಿ ಅವರ ಜೊತೆ ಜಗಳ ಮುಂದುವರಿಸೋಕೆ ನನಗೂ ಏನಾದರೂ ಬೇಕಲ್ವಾ.