ದೇಶಕ್ಕೊಂದೇ ಗ್ರಿಡ್: ದಕ್ಷಿಣ ಬೇರೆಯಾಗಿಯೇ ಇದ್ದಿದ್ದರೆ ಹೆಚ್ಚು ಸುರಕ್ಷಿತವಾಗಿರುತ್ತಿತ್ತೇ?

ಪ್ರಶ್ನೆ: ಹೊಳೆಸಾಲು

2012ರ ಜುಲೈ 30ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಮರುದಿನ ಮತ್ತೆ ಕುಸಿದಾಗ ಪೂರ್ವ ಮತ್ತು ಈಶಾನ್ಯ ರಾಜ್ಯಗಳನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ಅರವತ್ತು ಕೋಟಿಗೂ ಹೆಚ್ಚು ಜನರಿರುವ ಪ್ರದೇಶಕ್ಕೆ ವಿದ್ಯುತ್ ಇಲ್ಲದಂತಾಯಿತು. ಆಗ ಪಶ್ಚಿಮ ಮತ್ತು ದಕ್ಷಿಣದ ಗ್ರಿಡ್‌ಗಳು ಮಾತ್ರ ಬೀಳದೆ ನಿಂತವು. ದಕ್ಷಿಣದ ನಾವು ಉಳಿದ ದೇಶದೊಂದಿಗೆ ನೇರವಾಗಿ ಬೆಸೆದುಕೊಂಡಿರಲಿಲ್ಲ ಎಂಬುದೇ ನಾವು ಉಳಿದದ್ದಕ್ಕೆ ಕಾರಣ ಎಂದು ಓದಿದ್ದೇನೆ. ಮುಂದಿನ ವರ್ಷದ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಮಾರ್ಗ ಚಾಲನೆಗೆ ಬಂದು ಇಡೀ ದೇಶ ಒಂದೇ ಗ್ರಿಡ್ ಆಯಿತು.

ನನ್ನ ಸಂದೇಹ ಇಷ್ಟೆ. ಇಂದು ಮಧ್ಯಪ್ರದೇಶದಲ್ಲೋ ಉತ್ತರಪ್ರದೇಶದಲ್ಲೋ ಒಂದು ಮಾರ್ಗ ಟ್ರಿಪ್ ಆದರೆ ಬೆಂಗಳೂರೂ ಕತ್ತಲಾಗುವ ಅಪಾಯವನ್ನು ನಾವೇ ತಂದುಕೊಂಡಂತಾಗಲಿಲ್ಲವೇ? ಶರಾವತಿ, ಕಾಳಿ, ವಾರಾಹಿ, ಕೈಗಾ, ಪಾವಗಡದ ಸೌರಶಕ್ತಿ, ಗದಗ ಮತ್ತು ಚಿತ್ರದುರ್ಗದ ಗಾಳಿ ಇಷ್ಟೆಲ್ಲ ಇರುವ ಕರ್ನಾಟಕ ತನ್ನ ಪಾಡಿಗೆ ತಾನಿರುವುದೇ ನಿಜವಾದ ಇಂಧನ ಭದ್ರತೆಯಲ್ಲವೇ? ವಿಷಯ ಬಲ್ಲವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ: ಹಳೇ ರಿಲೇ

ಪ್ರಸರಣ ವಿಭಾಗದಲ್ಲಿ ದುಡಿದು ನಿವೃತ್ತನಾದವನು ನಾನು. ನಿಮ್ಮ ಪ್ರಶ್ನೆ ಸಾಧುವಾದದ್ದೇ. ಆದರೆ ದಕ್ಷಿಣ ಬೇರೆಯಾಗಿತ್ತು, ಆದ್ದರಿಂದ ಉಳಿಯಿತು ಎಂಬುದು ಅರ್ಧ ಕಥೆ ಮಾತ್ರ.

ಆಗ ನಾವು ಪೂರ್ತಿ ಪ್ರತ್ಯೇಕವಾಗಿರಲಿಲ್ಲ. ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೆ ಬರುವ ನೇರ ವಿದ್ಯುತ್ (ಡಿ.ಸಿ.) ಮಾರ್ಗ ಮತ್ತು ಅಂತಹುದೇ ಇನ್ನೊಂದೆರಡು ಕೊಂಡಿಗಳ ಮೂಲಕ ಉತ್ತರದಿಂದ ವಿದ್ಯುತ್ ತರಿಸಿಕೊಳ್ಳುತ್ತಿದ್ದೆವು. ಇಂತಹ ಕೊಂಡಿಯಲ್ಲಿ ವಿದ್ಯುತ್ ದಾಟುತ್ತದೆ, ಫ್ರೀಕ್ವೆನ್ಸಿ (ಗ್ರಿಡ್‌ನ ವಿದ್ಯುತ್ತು ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಎಂಬ ಲೆಕ್ಕ) ದಾಟುವುದಿಲ್ಲ. ಹೀಗಾಗಿ ಆಚೆಯ ಅಸ್ಥಿರತೆ ಈಚೆ ಬರಲಿಲ್ಲ. ಆದರೆ ಜುಲೈ 31ರಂದು ಪೂರ್ವದ ಗ್ರಿಡ್ ಬಿದ್ದಾಗ ಆ ಆಮದು ಏಕಾಏಕಿ ನಿಂತುಹೋಯಿತು, ದಕ್ಷಿಣದ ಫ್ರೀಕ್ವೆನ್ಸಿ 49 ಹರ್ಟ್ಸ್‌ಗಿಂತ ಕೆಳಗಿಳಿಯಿತು. ಆಗ ನಮ್ಮನ್ನು ಕಾಪಾಡಿದ್ದು ಉಪಕೇಂದ್ರಗಳಲ್ಲಿದ್ದ ಅಂಡರ್ ಫ್ರೀಕ್ವೆನ್ಸಿ ರಿಲೇಗಳು, ಅಂದರೆ ಫ್ರೀಕ್ವೆನ್ಸಿ ಇಳಿದೊಡನೆ ತಾವಾಗಿಯೇ ಕೆಲಸಮಾಡುವ ರಕ್ಷಣಾ ಸಾಧನಗಳು. ಅವು ಯಾರನ್ನೂ ಕೇಳದೆ ಫೀಡರ್‌ಗಳನ್ನು (ಉಪಕೇಂದ್ರದಿಂದ ಊರು, ಬಡಾವಣೆಗಳಿಗೆ ಹೋಗುವ ಮಾರ್ಗಗಳನ್ನು) ಕತ್ತರಿಸಿ, ಇರುವ ಉತ್ಪಾದನೆಗೆ ಬೇಡಿಕೆಯನ್ನು ಸರಿದೂಗಿಸಿದವು. ಉತ್ತರದಲ್ಲಿಯೂ ಇವೇ ರಿಲೇಗಳು ಇರಬೇಕಿತ್ತು. ಅಗತ್ಯಬಿದ್ದಾಗ ಅವುಗಳಿಂದ ಸಾಕಷ್ಟು ಹೊರೆ ಇಳಿಯಲಿಲ್ಲ ಎಂಬುದು ವಿಚಾರಣಾ ಸಮಿತಿಯ ಮುಖ್ಯ ಆಕ್ಷೇಪಗಳಲ್ಲಿ ಒಂದಾಗಿತ್ತು.

ಮೂಲ ಘಟನೆಯನ್ನೂ ಗಮನಿಸಿ. ಕುಸಿತ ಶುರುವಾದದ್ದು ಮಧ್ಯಪ್ರದೇಶದ ಬೀನಾ–ಗ್ವಾಲಿಯರ್ 400 ಕೆ.ವಿ. ಮಾರ್ಗದಿಂದ. ಅದರ ಮೇಲೆ ಮರ ಬಿದ್ದಿರಲಿಲ್ಲ, ಸಿಡಿಲೂ ಬಡಿದಿರಲಿಲ್ಲ. ಹಲವು ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಸೆಳೆಯುತ್ತಿದ್ದವು, ಕೆಲವು ಮಾರ್ಗಗಳನ್ನು ಕಾಮಗಾರಿಗಾಗಿ ಮೊದಲೇ ನಿಲ್ಲಿಸಲಾಗಿತ್ತು. ಅಷ್ಟೂ ಹೊರೆ ಇದೊಂದರ ಮೇಲೆ ಬಿದ್ದಾಗ ರಕ್ಷಣಾ ರಿಲೇ ಆ ಹೊರೆಯನ್ನೇ ದೋಷವೆಂದು ಭಾವಿಸಿ ಮಾರ್ಗವನ್ನು ಬಿಡಿಸಿತು. ಒಂದು ಬಿಟ್ಟ ಮೇಲೆ ಉಳಿದವು ಸರದಿಯಂತೆ ಬಿಟ್ಟವು.

ಇನ್ನು ಬೇರೆಯಾಗಿರುವುದರ ಬೆಲೆ. ಬಳಕೆ ಮತ್ತು ಉತ್ಪಾದನೆ ಕ್ಷಣಕ್ಷಣಕ್ಕೂ ಸಮನಾಗಿದ್ದರೆ ಮಾತ್ರ ಫ್ರೀಕ್ವೆನ್ಸಿ 50 ಹರ್ಟ್ಸ್‌ನ ಆಸುಪಾಸಿನಲ್ಲಿರುತ್ತದೆ. ನಿಯಮದ ಪ್ರಕಾರ ಅದು 49.90 ಮತ್ತು 50.05ರ ನಡುವೆ ಇರಬೇಕು. ರಾಯಚೂರಿನ ಯರಮರಸ್ ಸ್ಥಾವರದ ಒಂದು ಘಟಕ 800 ಮೆಗಾವ್ಯಾಟ್. ರಾಜ್ಯದ ಬೇಡಿಕೆ 15,000 ಮೆಗಾವ್ಯಾಟ್ ಇರುವಾಗ ಅದು ಟ್ರಿಪ್ ಆಯಿತೆನ್ನಿ. ನಾವು ಒಂಟಿಯಾಗಿದ್ದರೆ ಕ್ಷಣಾರ್ಧದಲ್ಲಿ ಶೇ. 5ಕ್ಕೂ ಹೆಚ್ಚು ಉತ್ಪಾದನೆ ಕಳೆದುಕೊಂಡಂತೆ. ಜಿಲ್ಲೆಗಟ್ಟಲೆ ಫೀಡರ್‌ಗಳನ್ನು ಕತ್ತರಿಸದೆ ಗತಿಯಿಲ್ಲ. 2024ರ ಮೇ 30ರಂದು ದೇಶದ ಬೇಡಿಕೆ 2,50,000 ಮೆಗಾವ್ಯಾಟ್ ಮುಟ್ಟಿತ್ತು. ಅಷ್ಟು ದೊಡ್ಡ ಗ್ರಿಡ್‌ನಲ್ಲಿ ಅದೇ ಘಟಕ ಬಿದ್ದರೆ ನಷ್ಟ ಶೇ. 0.32 ಮಾತ್ರ, ನಿಮ್ಮ ಮನೆಯ ಫ್ಯಾನ್ ಮಿಸುಕುವುದೂ ಇಲ್ಲ. ಇಂತಹ ಘಟಕಗಳು ಟ್ರಿಪ್ ಆಗುವುದು ಅಪರೂಪವೇನಲ್ಲ, 2012ರಂತಹ ಕುಸಿತ ಬಲು ಅಪರೂಪ. ಯಾವುದಕ್ಕೆ ಹೆದರಬೇಕೆಂಬುದನ್ನು ನೀವೇ ತೀರ್ಮಾನಿಸಿ.

2012–13ರಲ್ಲಿ ತಮಿಳುನಾಡಿನ ಹಲವು ಊರುಗಳು ದಿನಕ್ಕೆ ಹತ್ತು ಗಂಟೆಗೂ ಮೀರಿದ ಕಡಿತವನ್ನು ಅನುಭವಿಸಿದ್ದು ನಿಮಗೆ ನೆನಪಿರಬಹುದು. ಬೇರೆಡೆ ಮಾರಾಟಕ್ಕೆ ವಿದ್ಯುತ್ ಇದ್ದರೂ ದಕ್ಷಿಣಕ್ಕೆ ತರುವ ದಾರಿ ಕಿರಿದಾಗಿತ್ತು. ಆ ಕಿರಿದಾದ ದಾರಿಯೇ ನೀವು ಹೇಳುವ ರಕ್ಷಣೆ.

ಉತ್ತರ: ಬಯಲುಸೀಮೆ ರೈತ

ಮೇಲಿನವರು ಸೆಕೆಂಡುಗಳ ಲೆಕ್ಕ ಹೇಳಿದರು. ನಾನು ತಿಂಗಳುಗಳ ಲೆಕ್ಕ ಹೇಳುತ್ತೇನೆ. ಪಾವಗಡದ ಸೋಲಾರ್ ಪಾರ್ಕಿನ ಪಕ್ಕದ ಊರು ನಮ್ಮದು. 2,050 ಮೆಗಾವ್ಯಾಟ್‌ನ ಆ ಪಾರ್ಕಿಗೆ ರೈತರು ಭೂಮಿಯನ್ನು ಮಾರಿಲ್ಲ, ಗುತ್ತಿಗೆಗೆ ಕೊಟ್ಟಿದ್ದಾರೆ. ಮಧ್ಯಾಹ್ನ ಅಲ್ಲಿ ವಿದ್ಯುತ್ ಉಕ್ಕಿ ಹರಿಯುತ್ತದೆ, ಸಂಜೆ ಆರೂವರೆಗೆ ಒಂದು ಯೂನಿಟ್ಟೂ ಇಲ್ಲ. ಆ ಹೊತ್ತಿಗೇ ಊರೂರಲ್ಲಿ ದೀಪ, ಟಿ.ವಿ., ಗ್ರೈಂಡರ್ ಶುರುವಾಗುತ್ತವೆ. ಈ ಇಳಿಜಾರನ್ನು ತುಂಬುವುದು ಶರಾವತಿಯ ನೀರು ಮತ್ತು ರಾಯಚೂರು, ಬಳ್ಳಾರಿಗಳ ಕಲ್ಲಿದ್ದಲು. ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿನ ಗಣಿಯಿಲ್ಲ. ತೆಲಂಗಾಣದ ಸಿಂಗರೇಣಿಯಿಂದ, ಒಡಿಶಾದಿಂದ ರೈಲಿನಲ್ಲಿ ಬರಬೇಕು. ಗ್ರಿಡ್ ಬೇರೆ ಮಾಡಿಕೊಂಡ ಮಾತ್ರಕ್ಕೆ ಆ ರೈಲಿನ ಹಂಗು ತಪ್ಪುವುದಿಲ್ಲ.

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ ಬಹುತೇಕ ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಮಳೆಗಾಲದಲ್ಲಿ ನಿಲ್ಲಿಸಿರಬೇಕಾದ ಪಂಪ್‌ಸೆಟ್‌ಗಳು ಓಡತೊಡಗಿದವು, ಲಿಂಗನಮಕ್ಕಿ ತುಂಬಲಿಲ್ಲ, ಪಂಪ್‌ಸೆಟ್‌ಗಳಿಗೆ ದಿನಕ್ಕೆ ಏಳು ಗಂಟೆ ಸಿಗುತ್ತಿದ್ದ ತ್ರೀ ಫೇಸ್ ವಿದ್ಯುತ್ ಐದಕ್ಕಿಳಿದು ರೈತರು ಬೀದಿಗಿಳಿದರು. ಅಕ್ಟೋಬರಿನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಸೆಕ್ಷನ್ ಪ್ರಯೋಗಿಸಿ, ರಾಜ್ಯದ ಉತ್ಪಾದಕರು ಹೊರಗೆ ಮಾರದಂತೆ ತಡೆಯಿತು. ನೀವು ಹೇಳುವ ‘ತನ್ನ ಪಾಡಿಗೆ ತಾನು’ ನೀತಿ ಅಂದು ಒಂದು ಮಟ್ಟಿಗೆ ಜಾರಿಗೆ ಬಂದಿತ್ತು. ಅಷ್ಟರಿಂದಲೇ ಕೊರತೆ ನೀಗಲಿಲ್ಲ. ಕೈಹಿಡಿದದ್ದರಲ್ಲಿ ಮುಖ್ಯವಾದದ್ದು ಪಂಜಾಬ್ ಮತ್ತು ಉತ್ತರಪ್ರದೇಶಗಳೊಂದಿಗಿನ ಬ್ಯಾಂಕಿಂಗ್ ವ್ಯವಸ್ಥೆ. ಇದು ನಮ್ಮ ಹಳ್ಳಿಗಳ ಮುಯ್ಯಾಳು ಪದ್ಧತಿಯೇ: ಈ ತಿಂಗಳು ನೀನು ನನ್ನ ಹೊಲಕ್ಕೆ ಬಾ, ಮುಂದಿನ ತಿಂಗಳು ನಾನು ನಿನ್ನ ಹೊಲಕ್ಕೆ ಬರುತ್ತೇನೆ. ಪಂಜಾಬಿಗೆ ಭತ್ತದ ನಾಟಿ ಇರುವ ಜೂನ್ ನಂತರ ವಿದ್ಯುತ್ ಬೇಕು, ಚಳಿಗಾಲದಲ್ಲಿ ಅದು ಅಲ್ಲಿ ಮಿಗುತ್ತದೆ. ನಮಗೆ ಬೇಸಿಗೆಯಲ್ಲಿ ಬೇಕು, ಜೂನ್ ನಂತರ ಗದಗ ಮತ್ತು ಚಿತ್ರದುರ್ಗದಲ್ಲಿ ಗಾಳಿ ಬೀಸಿ ಮಿಗುತ್ತದೆ. ಹಣದ ಮಾತಿಲ್ಲದೆ ಯೂನಿಟ್‌ಗೆ ಯೂನಿಟ್ ಹಿಂದಿರುಗಿಸುವ ಈ ಏರ್ಪಾಟಿಗೆ ದೊಡ್ಡ ಗ್ರಿಡ್ ಬೇಕೇ ಬೇಕು.

ಒಂದು ಉಪಕಥೆ. ನಮ್ಮ ಕಡೆ ಬಹುತೇಕ ಬೋರ್‌ವೆಲ್‌ಗಳಿಗೆ ಆಟೋ ಸ್ಟಾರ್ಟರ್ ಇದೆ. ರಾತ್ರಿ ಎರಡು ಗಂಟೆಗೆ ತ್ರೀ ಫೇಸ್ ಬಂದರೂ ಟಾರ್ಚ್ ಹಿಡಿದು ಹಾವಿನ ಭಯದಲ್ಲಿ ತೋಟಕ್ಕೆ ಹೋಗಬೇಕಾಗಿಲ್ಲವೆಂದು ಹಾಕಿಸಿಕೊಂಡದ್ದು. ಫೀಡರ್‌ಗೆ ವಿದ್ಯುತ್ ಬಂದೊಡನೆ ಅಷ್ಟೂ ಮೋಟಾರುಗಳು ಒಟ್ಟಿಗೇ ಎದ್ದು, ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಕರೆಂಟನ್ನು ಆ ಗಳಿಗೆಯಲ್ಲಿ ಎಳೆಯುತ್ತವೆ. ಕೆಲವೊಮ್ಮೆ ಬಂದ ಫೀಡರ್ ಮರುಕ್ಷಣವೇ ಟ್ರಿಪ್ ಆಗುತ್ತದೆ. ಹಗಲು ಬಿಸಿಲಿರುವಾಗಲೇ ಪಂಪ್‌ಸೆಟ್‌ಗೆ ವಿದ್ಯುತ್ ಕೊಡಲಾರಂಭಿಸಿದ ಮೇಲೆ ನಮಗೂ ನೆಮ್ಮದಿ, ಗ್ರಿಡ್‌ಗೂ ಹಗುರ. ಇಂಧನ ಭದ್ರತೆಯ ಚರ್ಚೆಯಲ್ಲಿ ಇಂತಹ ಸಣ್ಣ ಬದಲಾವಣೆಗಳನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಉತ್ತರ: ಲಿಸ್ಬನ್ನಿನಿಂದ

2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಒಟ್ಟಿಗೆ ಕತ್ತಲಾದಾಗ ಇಲ್ಲಿನವರೂ ಇದೇ ಪ್ರಶ್ನೆಯನ್ನು ಕೇಳಿದರು. ಅಂದು ಪೋರ್ಚುಗಲ್ ಸ್ಪೇನಿನ ಅಗ್ಗದ ಸೌರವಿದ್ಯುತ್ತನ್ನು ಆಮದು ಮಾಡಿಕೊಳ್ಳುತ್ತಿತ್ತು. ಇಲ್ಲಿನ ಸಮಯ ಬೆಳಗಿನ 11.33ಕ್ಕೆ ಸ್ಪೇನಿನಲ್ಲಿ ವೋಲ್ಟೇಜ್ ಅತಿಯಾಗಿ ಏರಿ, ಒಂದರ ಹಿಂದೊಂದು ಸ್ಥಾವರಗಳು ತಮ್ಮ ರಕ್ಷಣೆಗಾಗಿ ಬಿಡಿಸಿಕೊಂಡವು. ಕೆಲವೇ ಸೆಕೆಂಡುಗಳಲ್ಲಿ ಇಡೀ ಪರ್ಯಾಯದ್ವೀಪ ಫ್ರಾನ್ಸಿನಿಂದ ಬೇರ್ಪಟ್ಟು ನಿಂತುಹೋಯಿತು. ಮೆಟ್ರೋ ಸುರಂಗದಲ್ಲಿ ನಿಂತಿತು, ಅಂಗಡಿಗಳ ಕಾರ್ಡ್ ಯಂತ್ರಗಳು ಸತ್ತವು, ಚಿಲ್ಲರೆ ಹಣ ಇಟ್ಟುಕೊಂಡವರೇ ಅಂದಿನ ಶ್ರೀಮಂತರು.

ಸೌರಶಕ್ತಿಯೇ ಅಪರಾಧಿ ಎಂದು ಆ ಸಂಜೆಯೇ ಕೆಲವರು ತೀರ್ಪು ಕೊಟ್ಟರು. ತನಿಖೆಯಲ್ಲಿ ಹೊರಬಿದ್ದ ಚಿತ್ರ ಅಷ್ಟು ಸರಳವಾಗಿರಲಿಲ್ಲ. ವೋಲ್ಟೇಜನ್ನು ಹತೋಟಿಯಲ್ಲಿಡಬೇಕಿದ್ದ ಸಾಂಪ್ರದಾಯಿಕ ಸ್ಥಾವರಗಳೂ ಆ ಕೆಲಸವನ್ನು ನಿರೀಕ್ಷೆಯಷ್ಟು ಮಾಡಿರಲಿಲ್ಲ, ಅಲ್ಲಿನ ನಿಯಮಗಳು ಸೌರ ಸ್ಥಾವರಗಳಿಗೆ ಆ ಹೊಣೆಯನ್ನೇ ಕೊಟ್ಟಿರಲಿಲ್ಲ. ಪಾವಗಡದವರು ಗಮನಿಸಬೇಕಾದ ಅಂಶವಿದು: ಸೌರಫಲಕದ ವಿದ್ಯುತ್ತನ್ನು ಗ್ರಿಡ್‌ಗೆ ಹೊಂದುವಂತೆ ಬದಲಿಸುವ ಇನ್ವರ್ಟರ್‌ಗಳು ವೋಲ್ಟೇಜ್ ನಿಯಂತ್ರಿಸಬಲ್ಲವು, ಆದರೆ ಹಾಗೆ ಮಾಡಬೇಕೆಂದು ನಿಯಮ ಬರೆದು ಪಾಲನೆಯಾಗುತ್ತಿದೆಯೇ ಎಂದು ಪರೀಕ್ಷಿಸುವವರು ಬೇಕು.

ಮರಳಿ ಎದ್ದ ಬಗೆಯೂ ಮುಖ್ಯ. ಸ್ಪೇನಿಗೆ ಫ್ರಾನ್ಸ್ ಮತ್ತು ಮೊರಾಕ್ಕೊಗಳ ಮಾರ್ಗಗಳು ಮತ್ತು ಜಲವಿದ್ಯುತ್ ನೆರವಾದವು. ಪೋರ್ಚುಗಲ್ ಮಾತ್ರ ಕಾಸ್ಟೆಲೊ ದೊ ಬೋಡ್ ಅಣೆಕಟ್ಟು ಮತ್ತು ಟಪಾಡಾ ದೊ ಔಟೇರೊ ಅನಿಲ ಸ್ಥಾವರ ಎಂಬ ಎರಡೇ ಬಿಂದುಗಳಿಂದ, ಹೊರಗಿನ ವಿದ್ಯುತ್ ಇಲ್ಲದೆ ಬ್ಲ್ಯಾಕ್ ಸ್ಟಾರ್ಟ್ ಮಾಡಿಕೊಂಡು ಜಾಲವನ್ನು ತುಂಡು ತುಂಡಾಗಿ ಕಟ್ಟಬೇಕಾಯಿತು. ಎಲ್ಲ ಸರಿಹೋಗುವಾಗ ನಡುರಾತ್ರಿ ಸಮೀಪಿಸಿತ್ತು. ಬಳಿಕ ಸರ್ಕಾರ ಸ್ಪೇನಿನೊಂದಿಗಿನ ಮಾರ್ಗವನ್ನು ಮುಚ್ಚಲಿಲ್ಲ. ಬ್ಲ್ಯಾಕ್ ಸ್ಟಾರ್ಟ್ ಸಾಮರ್ಥ್ಯಕ್ಕೆ ಇನ್ನೆರಡು ಜಲವಿದ್ಯುತ್ ಕೇಂದ್ರಗಳನ್ನು ಸೇರಿಸುವುದಾಗಿ ಹೇಳಿತು.

ಉತ್ತರ: ಮುಳುಗಡೆ ಸೀಮೆಯವ

ಎಲ್ಲರೂ ಶರಾವತಿಯ ನೀರನ್ನು ಆಪತ್ಕಾಲದ ನಿಧಿಯೆಂಬಂತೆ ಮಾತನಾಡುತ್ತಿದ್ದೀರಿ. ಆ ಮಾತು ಸುಳ್ಳಲ್ಲ. 2020ರ ಏಪ್ರಿಲ್ 5ರಂದು ಒಂಬತ್ತು ನಿಮಿಷ ದೀಪ ಆರಿಸುವ ಕರೆಗೆ ದೇಶದ ಬೇಡಿಕೆ ಸುಮಾರು 31,000 ಮೆಗಾವ್ಯಾಟ್ ಕುಸಿದು ಮತ್ತೆ ಏರಿತಲ್ಲ, ಆಗ ಗ್ರಿಡ್ ಉಳಿದದ್ದು ನಿಮಿಷಗಳಲ್ಲಿ ಇಳಿದು ಏರಬಲ್ಲ ಜಲವಿದ್ಯುತ್ತಿನಿಂದಲೇ. ಆದರೆ ಅದೇ ತರ್ಕವನ್ನು ಹಿಡಿದು ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನು ಸಿಂಗಳೀಕಗಳ ಅಭಯಾರಣ್ಯದೊಳಗೆ ತರಲು ಹೊರಟಿದ್ದಾರೆ. ಹಗಲಿನ ಸೌರವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ ಸಂಜೆ ಕೆಳಗೆ ಬಿಡುವ ಉಪಾಯ ಗ್ರಿಡ್‌ಗೆ ಒಳ್ಳೆಯದೇ ಇರಬಹುದು. ಎತ್ತಲು ಖರ್ಚಾಗುವ ವಿದ್ಯುತ್ ಹಿಂದೆ ಬರುವುದಕ್ಕಿಂತ ಹೆಚ್ಚು ಎಂಬುದನ್ನು ಬದಿಗಿಟ್ಟರೂ, ಲಿಂಗನಮಕ್ಕಿಗೆ ಊರು ಕೊಟ್ಟು ಚದುರಿಹೋದವರಿಗೆ ಇಂದಿಗೂ ಭೂಮಿಯ ಹಕ್ಕುಪತ್ರದ ತಕರಾರು ಮುಗಿದಿಲ್ಲ. ಸಂಜೆಯ ಎರಡು ಮೂರು ಗಂಟೆಗಳ ಹೊರೆಗೆ ಪಾವಗಡದ ಉಪಕೇಂದ್ರದ ಪಕ್ಕದಲ್ಲೇ ಬ್ಯಾಟರಿ ಇಡಬಹುದಲ್ಲ? ಪ್ರತಿ ಸಲವೂ ಘಟ್ಟವೇ ಏಕೆ?

ಪ್ರತಿಕ್ರಿಯೆ: ಹೊಳೆಸಾಲು

ಎಲ್ಲರಿಗೂ ವಂದನೆಗಳು. ಒಂದು ಉಪಪ್ರಶ್ನೆ: ಸಾಮಾನ್ಯ ದಿನಗಳಲ್ಲಿ ಕೂಡಿಕೊಂಡಿದ್ದು, ವಿಪತ್ತು ಬಂದಾಗ ಮಾತ್ರ ಬಿಡಿಸಿಕೊಳ್ಳಲು ಸಾಧ್ಯವಿಲ್ಲವೇ?

ಉತ್ತರ: ಹಳೇ ರಿಲೇ

ಸಾಧ್ಯ. ಅದಕ್ಕೆ ಐಲ್ಯಾಂಡಿಂಗ್ ಎನ್ನುತ್ತೇವೆ. ಫ್ರೀಕ್ವೆನ್ಸಿ ಒಂದು ಮಿತಿಗಿಂತ ಇಳಿದಾಗ ಒಂದೆರಡು ಸ್ಥಾವರಗಳು ತಮ್ಮ ಸುತ್ತಲಿನ ನಿಗದಿತ ಹೊರೆಯೊಂದಿಗೆ ತಾವಾಗಿಯೇ ಬೇರ್ಪಡುತ್ತವೆ. 2012ರಲ್ಲಿ ಉತ್ತರಪ್ರದೇಶದ ನರೋರಾ ಅಣುಸ್ಥಾವರದಂತಹ ಕೆಲವೇ ಜಾಗಗಳು ಹೀಗೆ ಉಳಿದುಕೊಂಡವು. ಆದರೆ ಕಾಗದದ ಮೇಲೆ ಯೋಜನೆಯಿದ್ದರೆ ಸಾಲದು. ಇಂತಹ ವ್ಯವಸ್ಥೆಗೆ ಹೆಸರಾಗಿದ್ದ ಮುಂಬೈ 2020ರ ಅಕ್ಟೋಬರ್ 12ರಂದು ಗಂಟೆಗಟ್ಟಲೆ ಕತ್ತಲಲ್ಲಿತ್ತು. ಬೇರ್ಪಡುವ ಕ್ಷಣದಲ್ಲಿ ಹಾಗೆ ಬಿಡಿಸಿಕೊಂಡ ಭಾಗದೊಳಗಿನ ಉತ್ಪಾದನೆ ಮತ್ತು ಬಳಕೆ ಹೆಚ್ಚುಕಡಿಮೆ ಸಮನಾಗಿರಬೇಕು, ನಗರ ಬೆಳೆದಂತೆ ಆ ಲೆಕ್ಕವನ್ನು ಮತ್ತೆ ಮತ್ತೆ ಮಾಡಬೇಕು.

ಮುಳುಗಡೆ ಸೀಮೆಯವರ ಪ್ರಶ್ನೆಗೆ: ಎರಡು ಮೂರು ಗಂಟೆಗಳ ಮಟ್ಟಿಗೆ ನೀವು ಹೇಳಿದ್ದು ಸರಿ, ಬ್ಯಾಟರಿಯ ಬೆಲೆಯೂ ಇಳಿದಿದೆ. ಆರೆಂಟು ಗಂಟೆಯ ಸಂಗ್ರಹಕ್ಕೆ ಹೋದರೆ ಲೆಕ್ಕ ನೀರಿನ ಕಡೆ ವಾಲುತ್ತದೆ, ಆದರೆ ಅದಕ್ಕೆ ಅಭಯಾರಣ್ಯವೇ ಆಗಬೇಕೆಂದಿಲ್ಲ. ಬ್ಯಾಟರಿಯ ಕೋಶಗಳು ಬಹುಪಾಲು ಚೀನಾದಿಂದ ಬರುತ್ತವೆ ಎಂಬುದನ್ನೂ ಇಂಧನ ಭದ್ರತೆಯ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಆಸಕ್ತರು ಒಂದು ಕೆಲಸ ಮಾಡಬಹುದು. ಫ್ರೀಕ್ವೆನ್ಸಿ 49.4 ಹರ್ಟ್ಸ್‌ಗೆ ಇಳಿದಾಗ ಮೊದಲ ಹಂತದ ಫೀಡರ್‌ಗಳು, ಇನ್ನೂ ಇಳಿದರೆ ಮುಂದಿನ ಹಂತಗಳವು ತಾವಾಗಿಯೇ ಕಡಿತಗೊಳ್ಳುತ್ತವೆ. ನಿಮ್ಮೂರಿನ ಆಸ್ಪತ್ರೆಯ ಅಥವಾ ಕುಡಿಯುವ ನೀರಿನ ಸ್ಥಾವರದ ಫೀಡರ್ ಆ ಪಟ್ಟಿಯಲ್ಲಿ ಸೇರಿಕೊಂಡಿದೆಯೇ, ರಿಲೇಯನ್ನು ಕೊನೆಯ ಬಾರಿ ಯಾವಾಗ ಪರೀಕ್ಷಿಸಲಾಯಿತು ಎಂದು ಮಾಹಿತಿ ಹಕ್ಕಿನಡಿ ಕೇಳಿ. ಉತ್ತರ ಬಂದರೆ ಇಲ್ಲಿಯೇ ಹಾಕಿ, ನೋಡಿ ಹೇಳುತ್ತೇನೆ.