ನರ್ಸರಿಯಲ್ಲಿ ಒಂದು ವಾರ ಬರೀ ಆಟ: ಮಾಡಿ ನೋಡಿದವರು ಹೇಳಿ

ತುಮಕೂರು ಹತ್ತಿರದ ಹೊಸ ಟೀಚರ್ ಕೇಳಿದ್ದು

ನಮಸ್ಕಾರ. ಈ ಜೂನ್‌ನಿಂದ ಒಂದು ಚಿಕ್ಕ ನರ್ಸರಿಯಲ್ಲಿ ಟೀಚರ್ ಆಗಿದ್ದೇನೆ. ಮೂರೂವರೆಯಿಂದ ನಾಲ್ಕೂವರೆ ವರ್ಷದ 22 ಮಕ್ಕಳು, ನಾನು, ಒಬ್ಬರು ಆಯಾ. ಮುಂದಿನ ತಿಂಗಳು ಒಂದು ವಾರ ಪುಸ್ತಕ ಮುಟ್ಟದೆ ಆಟದಲ್ಲೇ ಕಲಿಸಬೇಕು ಅಂತ ಮ್ಯಾನೇಜ್‌ಮೆಂಟ್ ಹೇಳಿದೆ. ಸೋಮವಾರ ಕೆಂಪು ಬಣ್ಣ, ಮಂಗಳವಾರ ಹಣ್ಣು, ಬುಧವಾರ ಕಾಡುಪ್ರಾಣಿ, ಹೀಗೆ ದಿನಕ್ಕೊಂದು ವಿಷಯ ಇಟ್ಟು ಪ್ಲಾನ್ ಹಾಕಿದ್ದೇನೆ. ಖರ್ಚಿಗೆ ಕೊಟ್ಟಿರುವುದು 1,000 ರೂಪಾಯಿ. ಅಪ್ಪ ಅಮ್ಮಂದಿರು ಈಗಲೇ "ಹಾಗಾದ್ರೆ ಆ ವಾರ ಹೋಂವರ್ಕ್ ಇಲ್ವಾ?" ಅಂತ ಶುರು ಮಾಡಿದ್ದಾರೆ. ನೀವೆಲ್ಲ ಹೇಗೆ ಮಾಡಿದಿರಿ?

ಮೈಸೂರಿನಿಂದ, 19 ವರ್ಷದಿಂದ ನರ್ಸರಿ ಟೀಚರ್

ಮೊದಲು ಆ ಪ್ಲಾನ್ ಬಗ್ಗೆ ಹೇಳಿಬಿಡುತ್ತೇನೆ ಮೇಡಂ, ಬೇಜಾರು ಮಾಡಿಕೊಳ್ಳಬೇಡಿ. ದಿನಕ್ಕೊಂದು ವಿಷಯ ಅಂದರೆ ಇಡೀ ವಾರ ದುಡಿಯುವುದು ನೀವು. ಮಕ್ಕಳು ಸುಮ್ನೆ ನೋಡುತ್ತಾ ಕೂರುತ್ತಾರೆ. ನಾನೂ ಶುರುವಿನಲ್ಲಿ ಹಾಗೇ ಮಾಡುತ್ತಿದ್ದೆ. ಒಂದು ಸಲ ರಾತ್ರಿ ಹನ್ನೊಂದರವರೆಗೆ ಕೂತು ಥರ್ಮಾಕೋಲ್‌ನಲ್ಲಿ ಆನೆ ಕತ್ತರಿಸಿದ್ದೆ. ಬೆಳಗ್ಗೆ ಮಕ್ಕಳು ಆನೆಯನ್ನು ಒಂದು ನಿಮಿಷ ನೋಡಿದರು. ಆಮೇಲೆ ಉಳಿದ ಚೂರುಗಳನ್ನು ಉಜ್ಜಿ ಪುಡಿ ಮಾಡಿ, "ಮಳೆ, ಮಳೆ" ಅಂತ ಫ್ಯಾನ್ ಕೆಳಗೆ ತೂರಿದರು. ಆನೆಯನ್ನು ಯಾರೂ ಕೇಳಲಿಲ್ಲ.

ಈ ವಯಸ್ಸಿನ ಮಕ್ಕಳಿಗೆ ಒಂದು ಆಟದೊಳಗೆ ಇಳಿಯೋಕೇ ಎರಡು ದಿನ ಬೇಕು. ಮೂರನೇ ದಿನ ಆಟ ಕಳೆಗಟ್ಟುತ್ತದೆ. ಅಷ್ಟರಲ್ಲಿ ನಾವು ಕೆಂಪು ತೆಗೆದು ಹಣ್ಣು, ಹಣ್ಣು ತೆಗೆದು ಹುಲಿ ಇಟ್ಟಿರುತ್ತೇವೆ. ಅದಕ್ಕೇ ನಾನು ಈಗ ವಾರಪೂರ್ತಿ ಒಂದೇ ಆಟ ಇಡುತ್ತೇನೆ. ಅದು ಸಂತೆ.

ಸಾಮಾನಿಗೆ ಜಾಸ್ತಿ ಖರ್ಚಿಲ್ಲ. ಆಲೂಗಡ್ಡೆ, ಈರುಳ್ಳಿ, ನಿಂಬೆಹಣ್ಣು, ಬದನೆಕಾಯಿ ನಿಜವಾದವೇ ತನ್ನಿ, ವಾರ ಮುಗಿದ ಮೇಲೆ ಸಾರಿಗಾಗುತ್ತವೆ. ಎರಡು ತೆಂಗಿನ ಚಿಪ್ಪು, ಒಂದು ಕೋಲು, ದಾರ ಸೇರಿಸಿದರೆ ತಕ್ಕಡಿ. ಮಕ್ಕಳ ಮನೆಯಿಂದ ಹಳೇ ಬುಟ್ಟಿ, ಮೊರ, ಗೋಣಿಚೀಲ, ಬಟ್ಟೆ ಬ್ಯಾಗ್ ತರಿಸಿ. ಸಂತೆ ಒಂದು ಮೂಲೆಯಲ್ಲಿ. ಇನ್ನೊಂದು ಮೂಲೆಯಲ್ಲಿ ಹಿಟ್ಟು. ಎರಡು ಲೋಟ ಮೈದಾಕ್ಕೆ ಒಂದು ಲೋಟ ಉಪ್ಪು, ಒಂದು ಚಮಚ ಎಣ್ಣೆ, ಚೂರು ಅರಿಶಿನ ಹಾಕಿ ಚಪಾತಿ ಹಿಟ್ಟಿನ ಹದಕ್ಕೆ ಕಲಸಿ. ಉಪ್ಪು ಅಷ್ಟಿರುವುದರಿಂದ ಯಾರಾದರೂ ಬಾಯಿಗಿಟ್ಟರೆ ತಕ್ಷಣ ಉಗಿಯುತ್ತಾರೆ. ಹೊರಗೆ ಜಗಲಿಯಲ್ಲಿ ಒಂದು ಟಬ್ ನೀರು, ಲೋಟ, ಜಗ್ಗು, ಆಲಿಕೆ. ನೀರಿನ ಹತ್ತಿರ ಆಯಾ ಇರಲೇಬೇಕು, ಅಲ್ಲಿಂದ ಅಲ್ಲಾಡಬಾರದು. 22 ಮಕ್ಕಳು ತಾವಾಗೇ ಮೂರು ಕಡೆ ಹಂಚಿಹೋಗುತ್ತಾರೆ. ನೀವು ಗುಂಪು ಮಾಡಿ ಗಂಟೆ ಬಾರಿಸಬೇಡಿ.

ಸೋಮವಾರ ಬರೀ ಗಲಾಟೆ. ಮಂಗಳವಾರ ತಕ್ಕಡಿಗೆ ಜಗಳ. ಈ ಎರಡು ದಿನ "ಅಯ್ಯೋ, ಇದು ಆಗಲ್ಲ" ಅನ್ನಿಸುತ್ತದೆ. ತಡೆದುಕೊಳ್ಳಿ.

ಹೋದ ವರ್ಷದ ಬುಧವಾರ ಹೇಳುತ್ತೇನೆ ಕೇಳಿ. ದುಡ್ಡಿಗೆ ಅಂತ ನಾನು ಹೊಂಗೆ ಎಲೆ ಇಟ್ಟಿದ್ದೆ. ಒಬ್ಬ ಹುಡುಗ ಅದನ್ನು ಪಕ್ಕಕ್ಕೆ ತಳ್ಳಿ, ರಟ್ಟಿನ ಮೇಲೆ ಕಪ್ಪು ಕ್ರೇಯಾನ್‌ನಿಂದ ಗೀಚಿ ಬುಟ್ಟಿಗೆ ಒರಗಿಸಿದ. "ಫೋನ್‌ಪೇ ಮಾಡಿ" ಅಂದ. ಗಿರಾಕಿ ಹುಡುಗಿ ಬಳಪ ಹಿಡಿದು ಸ್ಕ್ಯಾನ್ ಮಾಡಿದಳು. ಆಗ ಬುಟ್ಟಿಯ ಹಿಂದಿನಿಂದ ಒಂದು ದನಿ ಬಂತು: "ಹತ್ತು ರೂಪಾಯಿ ಬಂದಿದೆ." ನೋಡಿದರೆ, ಸೇರಿ ಮೂರು ತಿಂಗಳಾದರೂ ಕ್ಲಾಸಲ್ಲಿ ಬಾಯಿ ಬಿಡದ ಮಗು. ಅವತ್ತು ಅವಳೇ ಸೌಂಡ್ ಬಾಕ್ಸ್. "ಐದು ರೂಪಾಯಿ ಬಂದಿದೆ", "ನೂರು ರೂಪಾಯಿ ಬಂದಿದೆ". ಊಟದ ಬೆಲ್ ಆದರೂ ಎದ್ದು ಬರಲಿಲ್ಲ. ನಾನು "ಮಾತಾಡಮ್ಮ" ಅಂತ ಎಷ್ಟು ಸಲ ಪುಸಲಾಯಿಸಿದ್ದೆನೋ!

ನೀರಿನ ಕಡೆಯೂ ಒಂದು ಕಣ್ಣಿಡಿ. ಉದ್ದ ಲೋಟದ ನೀರನ್ನು ಅವರೆದುರಿಗೇ ಅಗಲ ಬೋಗುಣಿಗೆ ಸುರಿದು, ಯಾವುದರಲ್ಲಿ ಜಾಸ್ತಿ ಇತ್ತು ಕೇಳಿ. ಸಾಮಾನ್ಯವಾಗಿ ಲೋಟ ಅನ್ನುತ್ತಾರೆ. ನರ್ಸರಿ ಟೀಚರ್ ಟ್ರೈನಿಂಗ್‌ನಲ್ಲಿ (ಎನ್‌ಟಿಟಿ) ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ಅಧ್ಯಯನ ಮಾಡಿದ ಪಿಯಾಜೆ ಪಾಠ ಓದಿರುತ್ತೀರಲ್ಲ, ಅದೇ ಇದು. ತಿದ್ದಬೇಡಿ. ಎರಡರಲ್ಲೂ ನೀರು ಅಷ್ಟೇ ಅಂತ ಆರೇಳು ವರ್ಷದ ಹೊತ್ತಿಗೆ ತಾನಾಗೇ ಗೊತ್ತಾಗುತ್ತದೆ. ಈಗ ಅವರು ಸುರಿಯಲಿ, ಚೆಲ್ಲಲಿ, ಒರೆಸಲಿ. ಒರೆಸುವ ಬಟ್ಟೆಗೂ ಜಗಳ ಆಗುತ್ತದೆ, ನೋಡುತ್ತಿರಿ.

ಹಾವೇರಿ ಕಡೆಯಿಂದ, ಅಂಗನವಾಡಿ ಕಾರ್ಯಕರ್ತೆ

ತಂಗಿ, ನಮಗೆ ಇದು ಒಂದು ವಾರದ ಹಬ್ಬ ಅಲ್ಲ, ದಿನದ ಕೆಲಸ. 1975ರಲ್ಲಿ ಟಿ. ನರಸೀಪುರದಲ್ಲಿ ರಾಜ್ಯದ ಮೊದಲ ಅಂಗನವಾಡಿಗಳು ಶುರುವಾದಾಗಿನಿಂದ ಆಟವೇ ನಮ್ಮ ಪಾಠ. ಆದರೂ "ಅಂಗನವಾಡ್ಯಾಗ ಏನ್ ಕಲಸ್ತಾರ, ಬರೇ ಆಡಸ್ತಾರ" ಅನ್ನೋ ಮಾತು ನಿಂತಿಲ್ಲ. ಅದೇ ಆಟಕ್ಕೆ ಪ್ಯಾಟ್ಯಾಗ ಫೀಸು ಕಟ್ಟುತ್ತಾರೆ ನೋಡು. ಇರಲಿ ಬಿಡು.

ನಾನು ಹೇಳಬೇಕಾದದ್ದು ಒಂದೇ. ಕಾಳು ಇಡಬೇಡ. ಕಾಳು ವಿಂಗಡಿಸುವ ಆಟ ಚಲೋ ಅಂತ ನಾನು ಕಡಲೆ, ಅಲಸಂದಿ ಕೂಡಿಸಿ ತಟ್ಟೆಗೆ ಹಾಕಿ ಕೊಟ್ಟಿದ್ದೆ. ಒಬ್ಬ ಹುಡುಗ ಸುಮ್ನೆ ಬಂದು ನನ್ನ ಸೆರಗು ಜಗ್ಗಿದ. "ಅಕ್ಕೋರೆ, ಮೂಗಿನ್ಯಾಗ ಅಲಸಂದಿ ಐತ್ರಿ." ಅಳಲಿಲ್ಲ, ಏನಿಲ್ಲ, ವರದಿ ಕೊಟ್ಟಂಗ! ಅವನ ಅಜ್ಜಿ ಪಿನ್ ಹಾಕಿ ತೆಗೆಯೋಕೆ ಹೊರಟಿದ್ದಳು, ನಾನು ಕೈ ಹಿಡಿದೆ. ಹಾಗೆ ಕೆದಕಿದರೆ ಇನ್ನೂ ಒಳಗೆ ಹೋಗುತ್ತದೆ. ಕಾಳು ಒದ್ದೆಯಾಗಿ ಉಬ್ಬಿದರೆ ತೆಗೆಯೋದು ಇನ್ನೂ ಕಷ್ಟ. ನೇರ ಆಸ್ಪತ್ರೆಗೆ ಒಯ್ದೆವು, ಡಾಕ್ಟರ್ ಎರಡು ನಿಮಿಷದಲ್ಲಿ ತೆಗೆದರು. ಅವತ್ತಿನಿಂದ ನಮ್ಮಲ್ಲಿ ವಿಂಗಡಿಸೋಕೆ ನಿಂಬೆಹಣ್ಣಿಗಿಂತ ಸಣ್ಣದು ಏನೂ ಇಲ್ಲ.

ಮತ್ತೆ, ದಿನಾ ಹತ್ತು ನಿಮಿಷ ಕೆರೆ-ದಡ ಆಡಿಸು. ಅಂಗಳದಲ್ಲಿ ಒಂದು ಗೆರೆ ಸಾಕು. ಕೆರೆ ಅಂದರೆ ಒಳಗೆ ಜಿಗಿ, ದಡ ಅಂದರೆ ಹೊರಗೆ. ದಡದ ಮೇಲೆ ನಿಂತವರಿಗೇ ಮತ್ತೊಮ್ಮೆ "ದಡ" ಅಂದಾಗ ಕಾಲು ತಡೆದು ನಿಲ್ಲಬೇಕಲ್ಲ, ಅಲ್ಲೇ ಇರೋದು ಕಲಿಕೆ. ಸೋತವರನ್ನು ಮಾತ್ರ ಹೊರಗೆ ಕೂಡಿಸಬೇಡ. ತಡೆದು ನಿಲ್ಲೋದು ಕಲಿಯಬೇಕಾದವರು ಅವರೇ, ಅವರನ್ನೇ ಎಬ್ಬಿಸಿ ಕಳಿಸಿದರೆ ಹೆಂಗೆ?

ಬೆಂಗಳೂರಿನಿಂದ, ಒಬ್ಬ ತಾಯಿ

ಪೇರೆಂಟ್ ಕಡೆಯಿಂದ ಒಂದು ಮಾತು. ನನ್ನ ಮಗನ ಶಾಲೆಯಲ್ಲೂ ಇಂಥ ವಾರ ಇತ್ತು. ಒಂದು ದಿನ ಹಳದಿ ಡ್ರೆಸ್, ಒಂದು ದಿನ ಮಾವಿನಹಣ್ಣಿನ ವೇಷ, ಒಂದು ದಿನ ಚಾರ್ಟ್. ಆಟ ಆಡಿದ್ದು ನಾನು, ಅದೂ ರಾತ್ರಿ ಅಂಗಡಿ ಅಂಗಡಿ ತಿರುಗಿ. ಗ್ರೂಪಿಗೆ ಫೋಟೋ ಮಾತ್ರ ರಾಶಿ ಬಂತು. ದಯವಿಟ್ಟು ಮನೆಯಿಂದ ತರಿಸುವುದಿದ್ದರೆ ಮನೆಯಲ್ಲಿ ಇರುವುದನ್ನೇ ಕೇಳಿ.

ಹೋಂವರ್ಕ್ ಬೇಕೇ ಬೇಕು ಅನ್ನುವವರಿಗೆ ಅಡುಗೆಮನೆ ಕೆಲಸ ಹೇಳಿ. ಅವರೆಕಾಯಿ ಕಾಲದಲ್ಲಿ ನನ್ನ ಅತ್ತೆ ನೆನೆಸಿದ ಕಾಳು ಕೊಟ್ಟು ಮಗನನ್ನು ಹಿದುಕೋಕೆ ಕೂರಿಸುತ್ತಾರೆ. (ಮೂಗಿನ ಕಥೆ ಓದಿದ ಮೇಲೆ ಇನ್ನು ನಾನೂ ಪಕ್ಕದಲ್ಲೇ ಕೂರುತ್ತೇನೆ!) ಪುಟ್ಟ ಬೆರಳಲ್ಲಿ ಒತ್ತಿದರೆ ಕಾಳು ಪುಳಕ್ ಅಂತ ಹಾರಿ ಗೋಡೆಗೆ ಬಡಿಯುತ್ತದೆ, ಅವನಿಗೆ ಅದೇ ಖುಷಿ. ಪೆನ್ಸಿಲ್ ಹಿಡಿಯೋಕೂ ಹೆಬ್ಬೆರಳು, ತೋರುಬೆರಳಿಗೆ ಅದೇ ಶಕ್ತಿ ಬೇಕು. ಪುಟ ಪುಟ 'ಅ' ತಿದ್ದಿಸಿದಾಗ ಕೈನೋವು ಅಂತ ಅಳುತ್ತಿದ್ದವನು ಇವನೇ.

ಮೈಸೂರಿನ ಟೀಚರ್, ಮತ್ತೆ

ಅಪ್ಪ ಅಮ್ಮಂದಿರ ವಿಷಯ ಬಿಟ್ಟೇಹೋಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲೇ ಮೂರರಿಂದ ಎಂಟು ವರ್ಷದವರೆಗೆ ಆಟದ ಮೂಲಕ ಕಲಿಕೆ ಅಂತ ಇದೆ, ಬೇಕಾದರೆ ತೋರಿಸಿ. ಆದರೆ ನೀತಿ ಕೇಳಿ ಒಪ್ಪಿದವರನ್ನು ನಾನು ನೋಡಿಲ್ಲ. ನಾನು ಮಾಡುವುದು ಇಷ್ಟು. ಒಂದು ನೋಟ್‌ಬುಕ್, ಮಗುವಿಗೊಂದು ಪುಟ. ದಿನಕ್ಕೆ ನಾಲ್ಕೈದು ಮಕ್ಕಳ ಬಗ್ಗೆ ಒಂದೊಂದು ಸಾಲು. "ಆರು ಈರುಳ್ಳಿ ಎಣಿಸಿದ, ಏಳನೆಯದಕ್ಕೆ ಹತ್ತು ಅಂದ." "ತಕ್ಕಡಿ ಬಿಟ್ಟುಕೊಟ್ಟಳು, ಐದು ನಿಮಿಷ ಆದಮೇಲೆ ವಾಪಸ್ ಕೇಳಿದಳು." ಶನಿವಾರ ಆ ಸಾಲನ್ನು ಓದಿ ಹೇಳಿ. "ಚೆನ್ನಾಗಿ ಆಡಿದ" ಅಂತ ಬರೆದರೆ ಪ್ರಯೋಜನ ಇಲ್ಲ, ಕಂಡದ್ದನ್ನೇ ಬರೆಯಿರಿ. ಸಾಧ್ಯವಾದರೆ ಶುಕ್ರವಾರ ಅವರನ್ನೇ ಸಂತೆಗೆ ಕರೆಯಿರಿ. ಒಂದೇ ಷರತ್ತು: ಗಿರಾಕಿಗಳಾಗಿ ಬರಬೇಕು, "ಇದು ಯಾವ ಕಲರ್ ಹೇಳು" ಅಂತ ಪರೀಕ್ಷೆ ಮಾಡಬಾರದು. ಚೌಕಾಸಿ ಮಾಡಬಹುದು.

ತುಮಕೂರಿನ ಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಕೆಂಪು ಚಾರ್ಟ್ ಪೇಪರ್ ಆಗಲೇ ತಂದಾಗಿತ್ತು, 180 ರೂಪಾಯಿ ಹೋಯಿತು. ಸಂತೆಗೆ ಬೋರ್ಡ್ ಮಾಡಿದರಾಯಿತು.

ಇವತ್ತು ನಮ್ಮ ಆಯಾ ಹತ್ತಿರ ಸಂತೆಯ ವಿಷಯ ಹೇಳಿದೆ. ಅವರ ಅಮ್ಮ ವಾರದ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದರಂತೆ. "ಚಿಪ್ಪು ಯಾಕೆ ಟೀಚರ್, ಮನೇಲಿ ಹಳೇ ತಕ್ಕಡಿ ಇದೆ, ತರ್ತೀನಿ" ಅಂದರು. ಸೊಪ್ಪು ಕಟ್ಟು ಕಟ್ಟುವುದು ಹೇಗೆ ಅಂತ ಮಕ್ಕಳಿಗೆ ಅವರೇ ತೋರಿಸುತ್ತಾರಂತೆ. ಹಾಗಾಗಿ ನೀರಿನ ಟಬ್ ಹತ್ತಿರ ನಾನೇ ನಿಲ್ಲಬೇಕಾಗಬಹುದು.