ಗದಗ ಸಿಗತೈತಿ, ಹುಬ್ಬಳ್ಳಿ ಯಾಕ ಸಿಗವಲ್ದು?

ಪ್ರಶ್ನೆ:
ನಮಸ್ಕಾರ್ರೀ ಸರ್. ಹುಬ್ಬಳ್ಳಿಯೊಳಗ ಒಂದು ಲಾರಿ ಆಫೀಸಿನ ಲೆಕ್ಕ ನೋಡ್ತೀನಿ. ಬುಕಿಂಗ್ ಪಟ್ಟಿ ಪೂರಾ ಕನ್ನಡದಾಗೈತಿ. ಹುಡುಕಾಕ ಪೈಥಾನ್ 3, ಅದರಾಗ ಪಟ್ಟಿ ಸಂಭಾಳಿಸೋ ಪಾಂಡಾಸ್ ಲೈಬ್ರರಿ ಬಳಸ್ತೀನಿ. ವಿಳಾಸದ ಕಾಲಮ್ಮಿನ್ಯಾಗ 'ಹುಬ್ಬಳ್ಳಿ' ಇರೋ ಸಾಲಷ್ಟೇ ಬೇಕು. ಬರೇ ಕಂಟೇನ್ಸ್ (ಈ ಪದ ಒಳಗ ಐತೇನು ಅಂತ ನೋಡೋ ಆಜ್ಞೆ) ಹಾಕಿದ್ರ 'ಹಳೇಹುಬ್ಬಳ್ಳಿ'ನೂ ಬರತೈತಿ. ಇಡೀ ಪದ ಹಿಡಿಯಾಕ ಎರಡೂ ಕಡೆ ಬ್ಯಾಕ್‌ಸ್ಲ್ಯಾಶ್-ಬಿ (\b) ಹಾಕಿದೆ. ಈಗ 'ಧಾರವಾಡ', 'ಗದಗ' ಹುಡುಕಿದ್ರ ಸಿಗತಾವ. 'ಹುಬ್ಬಳ್ಳಿ', 'ಹಾವೇರಿ' ಸಿಗವಲ್ವು. ಬದಲಿಗೆ 'ಹುಬ್ಬಳ್ಳಿಯ ಗೋದಾಮು' ಅನ್ನೋ ಸಾಲು ಬಂದು ಕುಂತೈತಿ! ಫಾಂಟ್ ಕೆಟ್ಟೈತೇನ್ರಿ?

ಉತ್ತರ:
ಫಾಂಟಿನ ತಪ್ಪಲ್ಲ ಬಿಡ್ರಿ. ಧಾರವಾಡ ಸಿಕ್ಕಿದೆ ಅಂದ್ರೆ ಉಲ್ಲೇಖ ಚಿಹ್ನೆಯ ಮುಂದೆ ಆರ್ (r) ಅಕ್ಷರವನ್ನೂ ಹಾಕಿದ್ದೀರಿ; ಇಲ್ಲದಿದ್ರೆ ಪೈಥಾನ್ ಅದನ್ನ ಬ್ಯಾಕ್‌ಸ್ಪೇಸ್ ಅಂತ ಓದಿ ಒಂದು ಸಾಲೂ ಕೊಡ್ತಿರಲಿಲ್ಲ.

ಪದಕ್ಕೆ ಸೇರೋ ಅಕ್ಷರ ಒಂದು ಕಡೆ, ಸೇರದ್ದು ಇನ್ನೊಂದು ಕಡೆ ಇದ್ದಲ್ಲಿ ಬ್ಯಾಕ್‌ಸ್ಲ್ಯಾಶ್-ಬಿ ಗಡಿ ಹಾಕುತ್ತೆ. ಪೈಥಾನಿನ ಜೊತೆಗೇ ಬರೋ ರೆಜೆಕ್ಸ್ (ಮಾದರಿ ಕೊಟ್ಟು ಪಠ್ಯ ಹುಡುಕೋ) ಲೈಬ್ರರಿ ನಮ್ಮ ಕ, ಗ, ಳ ಎಲ್ಲ ಒಪ್ಪುತ್ತೆ. ಗುಣಿತದ ಚಿಹ್ನೆ, ಅರ್ಧಾಕ್ಷರದ ಚಿಹ್ನೆ (್) ಇವನ್ನ ಮಾತ್ರ ಅಕ್ಷರ ಅಂತ ಎಣಿಸೋದೇ ಇಲ್ಲ. 'ಹುಬ್ಬಳ್ಳಿ' ಕೊನೆಗೆ ಇರೋದು ಇಕಾರದ ಗುಡಿಸು. ಅದೂ ಅಕ್ಷರ ಅಲ್ಲ, ಮುಂದಿನ ಖಾಲಿ ಜಾಗವೂ ಅಲ್ಲ, ಹಂಗಾಗಿ ಅಲ್ಲಿ ಗಡಿಯೇ ಇಲ್ಲ. 'ಹುಬ್ಬಳ್ಳಿಯ' ಅಂದಾಗ ಗುಡಿಸಿನ ಪಕ್ಕ ಯ ಬಂತು, ಗಡಿ ಹುಟ್ಟಿತು! 'ಗದಗ' ಸರಿ ಬಂತಂತ ನಂಬಬ್ಯಾಡ್ರಿ, 'ಗದಗಿನ' ಇದ್ದ ಸಾಲೂ ಅದರಾಗ ಸೇರಿರತೈತಿ, ನೋಡಿಕೊಳ್ರಿ.

ನಾನು ಗಡಿಯನ್ನ ಕೈಯಾರೆ ಬರೀತೀನಿ:

(?<![ಂಃಅ-೯])ಹುಬ್ಬಳ್ಳಿ(?![ಂಃಅ-೯])

ಹಿಂದೆ ಮುಂದೆ ಕನ್ನಡದ ಯಾವ ಚಿಹ್ನೆಯೂ ಇರಬಾರದು ಅಂತ ಅರ್ಥ. ಅ ಇಂದ ೯ ರ ತನಕ ಯುನಿಕೋಡ್ ಸಾಲಿನಲ್ಲಿ ಸ್ವರ, ವ್ಯಂಜನ, ಗುಣಿತ, ಅಂಕಿ ಎಲ್ಲ ಬರ್ತಾವೆ. ಅನುಸ್ವಾರ, ವಿಸರ್ಗ ಅದಕ್ಕಿಂತ ಮೊದಲೇ ಇರೋದ್ರಿಂದ ಬೇರೆ ಹಾಕಬೇಕು.

ಆದರೆ 'ಹುಬ್ಬಳ್ಳಿಗೆ', 'ಹುಬ್ಬಳ್ಳಿಯಿಂದ' ಬಿಟ್ಟುಹೋದ್ರೆ ನಿಮಗೆ ನಡೀತದಾ? ಲಾರಿ ಪಟ್ಟಿಯಲ್ಲಿ ವಿಭಕ್ತಿ ಹತ್ತಿದ ಊರು ಬೇಕೇ ಬೇಕಾಗತಾವೆ ಅನ್ನಿಸುತ್ತೆ. ಹಂಗಿದ್ರೆ ಬಲಗಡೆಯ ಆವರಣ ತೆಗೀರಿ, ಎಡಗಡೆಯದು ಇರಲಿ. ಖಾಲಿ ಕೋಶಗಳಿದ್ರೆ ಕಂಟೇನ್ಸ್‌ಗೆ ಎನ್‌ಎ ಅನ್ನ ಫಾಲ್ಸ್ ಅಂತ ಕೊಡ್ರಿ (na=False).

ಪ್ರಶ್ನೆ ಕೇಳಿದವರು:
ಬಂತ್ರಿ ಸರ್! ಆದ್ರ 'ಹುಬ್ಬಳ್ಳಿ-ಧಾರವಾಡ ಬೈಪಾಸ್'ನೂ ಬಂತು. 'ಹಳೇ ಹುಬ್ಬಳ್ಳಿ' ಅಂತ ಬಿಡಿಸಿ ಬರದದ್ದೂ ಐತಿ.

ಉತ್ತರ:
ಬೈಪಾಸ್ ಬ್ಯಾಡಂದ್ರೆ ಬಲಗಡೆಯ ಚೌಕ ಆವರಣದ ಕೊನೆಗೆ ಒಂದು ಅಡ್ಡಗೆರೆ ಸೇರಿಸ್ರಿ, [ಂಃಅ-೯-] ಹಿಂಗೆ. ಎಡಕ್ಕೆ ಹಾಕಿದ್ರೆ 'ಗದಗ-ಹುಬ್ಬಳ್ಳಿ' ಹೋಗಿಬಿಡುತ್ತೆ. ಹಳೇ ಹುಬ್ಬಳ್ಳಿಗೆ ಎಲ್ಲಕ್ಕಿಂತ ಮುಂದೆ (?<!ಹಳೇ ) ಹಾಕ್ರಿ, ಒಳಗಿನ ಖಾಲಿ ಜಾಗ ಮರೀಬ್ಯಾಡ್ರಿ.

ಇನ್ನೊಬ್ಬ ಸದಸ್ಯರು, ಹಾವೇರಿ:
ಇದೇ ಗೂಗಲ್ ಶೀಟ್ಸ್‌ನ್ಯಾಗ ನಡಿಯಂಗಿಲ್ಲ, ಎರರ್ ಕೊಡತೈತಿ.

ಉತ್ತರ:
ಶೀಟ್ಸ್ ಬಳಸೋ ಆರ್‌ಇ2 ಎಂಜಿನ್ನಿಗೆ ಹಿಂದೆ-ಮುಂದೆ ಇಣುಕೋ ಈ ಆವರಣಗಳು ಗೊತ್ತಿಲ್ಲ. ಅಲ್ಲಿ ರೆಜೆಕ್ಸ್‌ಮ್ಯಾಚ್ ಒಳಗೆ ಹಿಂಗೆ ಬರೀರಿ:

(^|[^ಂಃಅ-೯])ಹಾವೇರಿ([^ಂಃಅ-೯]|$)